ಮಾವನಿಗೊಂದು ಯುದ್ಧಟ್ಯಾಂಕು

ಪ್ಲಾಸ್ಟಿಕ್ಕಿನ ಯುದ್ಧಟ್ಯಾಂಕೊಂದನ್ನು ಜೋಡಿಸುವುದು ಎಷ್ಟರ ಕೆಲಸ? ಡಬ್ಬದ ಮೇಲೆ 'ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ' ಎಂದು ಅಚ್ಚು ಹಾಕಿತ್ತು. ನನಗೆ ಐವತ್ತೆರಡು. ಅಂದರೆ ಬೇಕಾದ್ದಕ್ಕಿಂತ ಮೂವತ್ತೆಂಟು ವರ್ಷ ಹೆಚ್ಚಿನ ಅರ್ಹತೆ! ಸಾಲದ್ದಕ್ಕೆ ನಾನು ಶಿಡ್ಲಘಟ್ಟದ ರೀಲರ್. ಕುದಿಯುವ ನೀರಿನಲ್ಲಿ ತೇಲುವ ರೇಷ್ಮೆಗೂಡಿನಿಂದ ಕೂದಲಿಗಿಂತ ತೆಳ್ಳಗಿನ ಎಳೆಯನ್ನು ಹುಡುಕಿ, ಎತ್ತಿ, ಯಂತ್ರಕ್ಕೆ ಕೊಟ್ಟು ನೂಲು ತೆಗೆಸುವವನು. ಇಂಥ ಕಸುಬಿನವನಿಗೆ ಪ್ಲಾಸ್ಟಿಕ್ ಒಂದು ಲೆಕ್ಕವೇ ಎಂದುಕೊಂಡೆ. ಹಾಗೆ ಅಂದುಕೊಂಡ ದಿನವನ್ನು ನೆನೆದರೆ ಈಗಲೂ ನನ್ನ ಬಲಗೈ ಹೆಬ್ಬೆರಳು ಚುರುಗುಟ್ಟುತ್ತದೆ.

ಇದೆಲ್ಲ ಶುರುವಾದದ್ದು ನನ್ನ ಮಾವನವರಿಂದ. ನನ್ನ ಹೆಂಡತಿ ನಾಗವೇಣಿಯ ತಂದೆ. ಸೈನ್ಯದಲ್ಲಿ ಟ್ಯಾಂಕುಗಳ ಜೊತೆ ಇಪ್ಪತ್ತೆರಡು ವರ್ಷ ಕಳೆದು ಬಂದು ಮೇಲೂರಿನಲ್ಲಿ ನೆಲೆಸಿದ್ದವರು. ಮದುವೆಯಾದ ಮೊದಲ ವರ್ಷ ನನ್ನನ್ನು 'ಬನ್ನಿ ಅಳಿಯಂದಿರೇ' ಎಂದರು. ಎರಡನೇ ವರ್ಷದಿಂದ ಅದು 'ಬಾರಪ್ಪ, ಹೋಗಪ್ಪ' ಆಯಿತು. ಮೂರನೇ ವರ್ಷದಿಂದ ಬೈಗುಳ. ನಮ್ಮ ಮನೆಗೆ ಬಂದರೆ ಕಾಫಿಗೂ ಮೊದಲು ಹಿತ್ತಲಿನ ರೀಲಿಂಗ್ ಶೆಡ್ಡಿಗೆ ಹೋಗಿ, ಯಂತ್ರಕ್ಕೆ ಕಿವಿ ಆನಿಸಿ ನಿಲ್ಲುತ್ತಿದ್ದರು. ಆಮೇಲೆ ನನ್ನನ್ನು ಕರೆಸಿ, ಬೇರಿಂಗಿಗೆ ಎಣ್ಣೆ ಬಿಟ್ಟು ಎಷ್ಟು ಕಾಲವಾಯಿತು, ಬೆಲ್ಟು ಯಾಕೆ ಸಡಿಲ, ಈ ಮೊಳೆ ಹೊಡೆದ ಮಹಾನುಭಾವ ಯಾರು ಎಂದು ಕೆಲಸದವರ ಎದುರಿಗೇ ವಿಚಾರಣೆ ನಡೆಸುತ್ತಿದ್ದರು. ಮೊಳೆ ಹೊಡೆದ ಮಹಾನುಭಾವ ತಲೆ ತಗ್ಗಿಸಿ ನಿಂತಿರುತ್ತಿದ್ದ.

ಹೋದ ವರ್ಷ ಮಾವ ಬಚ್ಚಲಲ್ಲಿ ಜಾರಿ ಮಂಡಿಚಿಪ್ಪು ಮುರಿದುಕೊಂಡರು. ಆಪರೇಷನ್ ಆಯಿತು, ನಾಗವೇಣಿ ಹಟ ಹಿಡಿದು ನಮ್ಮ ಮನೆಗೇ ಕರೆತಂದಳು. ಕಾಲು ನಿಧಾನಕ್ಕೆ ಕೂಡಿಕೊಂಡಿತು. ಮನುಷ್ಯ ಮಾತ್ರ ಮಂಕಾಗಿಬಿಟ್ಟರು. ಜಗಲಿಯ ಕುರ್ಚಿಯಲ್ಲಿ ಕೂತು ರಸ್ತೆ ನೋಡುವುದು, ಕೊಟ್ಟದ್ದನ್ನು ತಿನ್ನುವುದು, ಅಷ್ಟೇ. ಒಂದು ದಿನ ಶೆಡ್ಡಿನ ಮೋಟಾರು ಬೆಳಗಿನಿಂದ ಕರಕರ ಅನ್ನುತ್ತಿತ್ತು. ಸತ್ತವರೂ ಎದ್ದು ಬಂದು ಎಣ್ಣೆ ಬಿಡಬೇಕು, ಅಂಥ ಸದ್ದು. ನಾನು ಬೈಸಿಕೊಳ್ಳಲು ಸಿದ್ಧನಾಗಿ ಜಗಲಿಗೆ ಹೋಗಿ ನಿಂತೆ. ಮಾವ ನನ್ನ ಮುಖ ಕೂಡ ನೋಡದೆ, "ನಡೀತದೆ ಬಿಡಪ್ಪಾ" ಎಂದರು.

ನಾಗವೇಣಿ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಪ್ಪ ನಿಮ್ಮನ್ನ ಬೈದು ಮೂರ್ ತಿಂಗಳಾಯ್ತು ರೀ" ಎಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಬೈಸಿಕೊಳ್ಳದೇ ಇದ್ದದ್ದಕ್ಕೆ ಅವಳು ಅತ್ತದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ನನಗೂ ಸಂಕಟವಾಯಿತು. ಬೈಯುವ ಮಾವನ ಜೊತೆ ಹೇಗೋ ಏಗಬಹುದು, ಬೈಯದೆ ಕೂತ ಮಾವನನ್ನು ದಿನಾ ದಾಟಿಕೊಂಡು ಹೋಗುವುದು ಬಹಳ ಕಷ್ಟ.

ಮಾವನಿಗೆ ಎಪ್ಪತ್ತೈದು ತುಂಬುವ ದಿನ ಹತ್ತಿರದಲ್ಲಿತ್ತು. ನನಗೊಂದು ಮಹತ್ತಾದ ಆಲೋಚನೆ ಹೊಳೆಯಿತು. ಮಾವನ ಬಾಯಲ್ಲಿ ಯಾವಾಗಲೂ 'ನಮ್ ಟ್ಯಾಂಕು, ನಮ್ ಟ್ಯಾಂಕು' ಎಂಬ ಮಾತು. ರಾಜಸ್ಥಾನದ ಮರಳು, ಬಿಸಿಲಿಗೆ ಕಾದ ಕಬ್ಬಿಣ, ಹೀಗೆ ಏನೇನೋ ಕಥೆ. ಅವರು ಹೇಳುವಾಗ ನಾನು ಮೊಬೈಲಿನಲ್ಲಿ ಅಂದಿನ ಗೂಡಿನ ರೇಟು ನೋಡುತ್ತ "ಹೌದಾ ಮಾವಾ, ಅಯ್ಯೋ ಮಾವಾ" ಎಂದು ಹೂಂಗುಟ್ಟುತ್ತಿದ್ದೆ. ಕಿವಿಯೊಳಗೆ ಬಿದ್ದಷ್ಟರಿಂದ ನಾನು ತಿಳಿದುಕೊಂಡದ್ದು ಇಷ್ಟು: ಮಾವ ಮರಳುಗಾಡಿನಲ್ಲಿ ಟ್ಯಾಂಕು ಓಡಿಸಿದ ವೀರರು. ಅದೇ ಟ್ಯಾಂಕನ್ನು ಹುಟ್ಟುಹಬ್ಬಕ್ಕೆ ಕಣ್ಣೆದುರು ತಂದಿಟ್ಟರೆ? ಎದ್ದು ಕೂರುತ್ತಾರೆ, ಮಾತಾಡುತ್ತಾರೆ, ದೇವರು ದೊಡ್ಡವನಾದರೆ ಬೈದರೂ ಬೈಯುತ್ತಾರೆ. ಮೊಬೈಲಿನಲ್ಲಿ ಹುಡುಕಿ, ಬಂದ ಚಿತ್ರಗಳಲ್ಲಿ ಎಲ್ಲಕ್ಕಿಂತ ಗಂಭೀರವಾಗಿ ಕಂಡ ಟ್ಯಾಂಕನ್ನು ತರಿಸಿದೆ.

ಡಬ್ಬದ ಮೇಲೆ ಧೂಳೆಬ್ಬಿಸಿಕೊಂಡು ಬರುತ್ತಿರುವ ಟ್ಯಾಂಕಿನ ಚಿತ್ರವಿತ್ತು. ಒಳಗೆ ಟ್ಯಾಂಕಿರಲಿಲ್ಲ. ಕಿಟಕಿ ಸರಳಿನಂಥ ಪ್ಲಾಸ್ಟಿಕ್ ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡು ಚಿಕ್ಕ ಚಿಕ್ಕ ತುಂಡುಗಳು, ಒಟ್ಟು ಮುನ್ನೂರ ಹನ್ನೆರಡು. ಜೊತೆಗೊಂದು ಪುಸ್ತಕ. ಅದರ ತುಂಬ ಬಾಣದ ಗುರುತುಗಳು, ಚಿತ್ರಗಳು, ನಮಗೆ ಸಂಬಂಧವಿಲ್ಲದ ಲಿಪಿ, ಅಲ್ಲಲ್ಲಿ ಇರುವೆ ಗಾತ್ರದ ಇಂಗ್ಲಿಷು. ನಾಗವೇಣಿ ಮೊದಲು ಪುಸ್ತಕ ಓದಿ ಎಂದಳು. ಇಪ್ಪತ್ತೈದು ವರ್ಷದಿಂದ ರೀಲಿಂಗ್ ಮಾಡುವವನಿಗೆ ಪುಸ್ತಕ ಓದು ಎನ್ನುವುದೇ? ನನಗೆ ಸ್ವಲ್ಪ ಅವಮಾನವೇ ಆಯಿತು.

ಮಾರುಕಟ್ಟೆಯಿಂದ ಗೂಡು ತಂದರೆ ನಾವು ಮೊದಲು ಮಾಡುವ ಕೆಲಸ ಆರಿಸುವುದು. ಒಳ್ಳೆ ಗೂಡು ಒಂದು ಕಡೆ, ಎರಡು ಹುಳ ಸೇರಿ ಕಟ್ಟಿದ ಡಬ್ಬಲ್ ಗೂಡು ಒಂದು ಕಡೆ, ಕಲೆಗೂಡು ಇನ್ನೊಂದು ಕಡೆ. ಆರಿಸದೆ ನೀರಿಗೆ ಹಾಕುವವನು ರೀಲರೇ ಅಲ್ಲ. ಮಾವ ಊಟ ಮಾಡಿ ಮಲಗಿದ ಹೊತ್ತಿನಲ್ಲಿ ನಾನು ಶೆಡ್ಡಿನ ಮೂಲೆಯಲ್ಲಿ ಮೊರ ಹಿಡಿದು ಕೂತೆ. ಕತ್ತರಿಯಿಂದ ಮುನ್ನೂರ ಹನ್ನೆರಡು ತುಂಡುಗಳನ್ನೂ ಕತ್ತರಿಸಿ ಮೊರಕ್ಕೆ ಸುರಿದೆ. ದೊಡ್ಡವು, ಸಣ್ಣವು, ಅನುಮಾನದವು ಎಂದು ಮೂರು ರಾಶಿ ಮಾಡಿದೆ. ಖಾಲಿ ಚೌಕಟ್ಟುಗಳನ್ನು ಮಟ್ಟಸವಾಗಿ ಕಟ್ಟಿ ಮರುದಿನ ಬೆಳಿಗ್ಗೆ ಕಸದ ಗಾಡಿಗೆ ಹಾಕಿದೆ. ಇಷ್ಟು ಅಚ್ಚುಕಟ್ಟಾಗಿ ನಾನು ಯಾವ ಕೆಲಸವನ್ನೂ ಮಾಡಿದ್ದಿಲ್ಲ.

ಆಮೇಲೆ ಪುಸ್ತಕ ತೆರೆದೆ. ಎ ಹದಿನಾಲ್ಕಕ್ಕೆ ಬಿ ಏಳನ್ನು ಅಂಟಿಸಬೇಕಂತೆ. ರಾಶಿಯಿಂದ ಒಂದು ತುಂಡು ಎತ್ತಿ ನೋಡಿದೆ, ನಂಬರಿಲ್ಲ. ಇನ್ನೊಂದು ಎತ್ತಿದೆ, ಅದಕ್ಕೂ ಇಲ್ಲ. ನಾಗವೇಣಿ ಬಂದು ಪುಸ್ತಕದ ಚಿತ್ರವನ್ನು ಒಂದು ಗಳಿಗೆ ನೋಡಿದಳು.

"ನಂಬರೆಲ್ಲ ಆ ಚೌಕಟ್ಟಿನ ಮೇಲಿತ್ತಲ್ವಾ ರೀ?"

"ಇತ್ತು ಅನ್ಸುತ್ತೆ."

"ಚೌಕಟ್ಟೆಲ್ಲಿ?"

ದೂರದಲ್ಲಿ ಕಸದ ಗಾಡಿಯ ಹಾಡು ಕೇಳುತ್ತಿತ್ತು. ನಾನು ಚಪ್ಪಲಿ ಕೂಡ ಮೆಟ್ಟದೆ ಓಡಿದೆ. ಎರಡು ಬೀದಿ ಅಟ್ಟಿಸಿಕೊಂಡು ಹೋದರೂ ಗಾಡಿ ಸಿಗಲಿಲ್ಲ. ಮನೆಗೆ ಬಂದಾಗ ಜಗಲಿಯಲ್ಲಿದ್ದ ಮಾವ ನನ್ನ ಬರಿಗಾಲು ನೋಡಿದರು, ಏನೂ ಕೇಳಲಿಲ್ಲ. ಇಂಥ ಅವಕಾಶವನ್ನೂ ಅವರು ಬಿಟ್ಟುಕೊಟ್ಟದ್ದು ನೋಡಿ ನನ್ನ ನಿರ್ಧಾರ ಇನ್ನಷ್ಟು ಗಟ್ಟಿಯಾಯಿತು.

ಈಗ ನನಗೆ ಪುಸ್ತಕದ ಮೇಲೆ ಸ್ವಲ್ಪ ಗೌರವ ಬಂದಿತ್ತು. ಮೊದಲ ಪುಟದಿಂದ ಶುರು ಮಾಡಿದೆ. ಅಲ್ಲೊಂದು ಬೇಸಿನ್ನಿನ ಚಿತ್ರ, ಅದರಲ್ಲಿ ನೊರೆ, ಮೇಲೆ ಎರಡು ಗೆರೆ ಹಬೆ. ಅಂದರೆ ತುಂಡುಗಳನ್ನು ಬಿಸಿನೀರಿನಲ್ಲಿ ತೊಳೆಯಬೇಕು. ಬೇಸಿನ್ನು, ಹಬೆ, ಬಿಸಿನೀರು! ಇದಕ್ಕಿಂತ ನನ್ನ ಕಸುಬಿಗೆ ಹತ್ತಿರದ ಮಾತು ಬೇರೆ ಇದೆಯೇ? ಬಿಸಿ ಎಷ್ಟಿರಬೇಕು ಎಂದು ಪುಸ್ತಕ ಬರೆದವರು ಹೇಳಿರಲಿಲ್ಲ, ಅಥವಾ ಇರುವೆ ಗಾತ್ರದಲ್ಲಿ ಹೇಳಿದ್ದರು. ನಮ್ಮ ಶೆಡ್ಡಿನಲ್ಲಿ ಬಿಸಿ ಅನ್ನುವುದು ಒಂದೇ ಬಿಸಿ.

ನಮ್ಮಲ್ಲಿ ಗೂಡು ಬೇಯಿಸುವವಳು ಮುನಿಯಮ್ಮ. ಚಿಂತಾಮಣಿ ಕಡೆಯವಳು, ನನಗಿಂತ ಹಳಬಳು, ನೀರಿನ ಸದ್ದು ಕೇಳಿಯೇ ಹದ ಹೇಳುವವಳು. ಮೂರೂ ರಾಶಿಯನ್ನು ತಂದು ಅವಳ ಬೇಸಿನ್ನಿಗೆ ಸುರಿದೆ. ಅವಳು ಬಗ್ಗಿ ನೋಡಿ, "ಅಣ್ಣಾ, ಇದೇನು ಸೀಮೆ ಗೂಡಾ?" ಎಂದು ಕೇಳಿದಳು. ಒಳ್ಳೆ ಗಟ್ಟಿ ಗೂಡಿಗೆ ಎಷ್ಟು ಹೊತ್ತು ಕೊಡುತ್ತೀಯೋ ಅಷ್ಟು ಕೊಡು ಎಂದೆ. ಅವಳು ಹೇಳಿದ ಹಾಗೆ ಮಾಡುವವಳು, ಅಷ್ಟೇ ಕೊಟ್ಟಳು.

ಜಾಲರಿಯಲ್ಲಿ ಎತ್ತಿದಾಗ ಫಿರಂಗಿಯ ನಳಿಕೆ ನುಗ್ಗೆಕಾಯಿಯ ಹಾಗೆ ಬಾಗಿತ್ತು. ಟ್ಯಾಂಕಿನ ಪಕ್ಕದ ತಗಡುಗಳು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿದ್ದವು. ನಾನು ನಳಿಕೆಯನ್ನು ನೆಟ್ಟಗೆ ಮಾಡಲು ಎರಡೂ ಕೈಯಿಂದ ಎಳೆದೆ, ಅದು ಇನ್ನೊಂದು ದಿಕ್ಕಿಗೆ ಬಾಗಿತು. ಕೊನೆಗೆ ಎಲ್ಲವನ್ನೂ ಸಾಲಾಗಿ ಇಟ್ಟು ಮೇಲೆ ರುಬ್ಬುಗುಂಡು ಹೇರಿದೆ. ಅರ್ಧ ಗಂಟೆಯಲ್ಲೇ ನಾಗವೇಣಿ ಉದ್ದಿನಬೇಳೆ ರುಬ್ಬಬೇಕೆಂದು ಗುಂಡು ಎತ್ತಿಕೊಂಡು ಹೋದಳು.

ಇನ್ನು ಅಂಟು. ಅಂಟನ್ನು ಬೇರೆ ಕೊಳ್ಳಬೇಕು ಎಂದು ಡಬ್ಬದ ಅಡಿಯಲ್ಲಿ ಬರೆದಿತ್ತಂತೆ, ಡಬ್ಬದ ಅಡಿಯನ್ನು ಯಾರು ನೋಡುತ್ತಾರೆ? ಬೀದಿ ತುದಿಯ ಅಂಗಡಿಯಲ್ಲಿ ಕ್ಷಣದಲ್ಲೇ ಅಂಟುವ ಅಂಟು ಸಿಕ್ಕಿತು. ಟ್ಯಾಂಕಿನ ನೆತ್ತಿಯ ಮೇಲೆ ತಿರುಗುವ ಒಂದು ಭಾಗವಿರುತ್ತದಲ್ಲ, ನಳಿಕೆ ಚಾಚಿಕೊಂಡಿರುವುದು, ಅದಕ್ಕೆ ನಾನು ತಲೆ ಎಂದು ಹೆಸರಿಟ್ಟಿದ್ದೆ. ಅದರ ಎರಡು ಹೋಳಿಗೆ ಅಂಟು ಹಚ್ಚಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದೆ. ಅಂಟು ತಯಾರಿಸಿದವರು ಒಳ್ಳೆ ಪ್ರಾಮಾಣಿಕರು. ಎರಡು ಹೋಳೂ ಕೂಡಿಕೊಂಡವು. ಜೊತೆಗೆ ನನ್ನ ಹೆಬ್ಬೆರಳೂ ಕೂಡಿಕೊಂಡಿತು.

ಅಷ್ಟರಲ್ಲಿ ಮಾರುಕಟ್ಟೆಗೆ ಹೊತ್ತಾಗಿತ್ತು. ಗೂಡು ತರದಿದ್ದರೆ ಮರುದಿನ ಯಂತ್ರ ನಿಲ್ಲುತ್ತದೆ. ಬಲಗೈಗೆ ಟವೆಲ್ಲು ಸುತ್ತಿಕೊಂಡು ಹೊರಟೆ. ಈಗ ಹರಾಜು ಕೂಗುವ ಕಾಲವಲ್ಲ, ಮೊಬೈಲಿನಲ್ಲಿ ಬೆಲೆ ಒತ್ತಬೇಕು. ನಾನು ಒತ್ತುವುದು ಬಲಗೈ ಹೆಬ್ಬೆರಳಿನಿಂದ, ಅದರ ಮೇಲೆ ಯುದ್ಧಟ್ಯಾಂಕಿನ ತಲೆ ಕೂತಿದೆ! ಎಡಗೈಯಿಂದ ಒತ್ತಲು ತಡಕಾಡುವಷ್ಟರಲ್ಲಿ ಒಂದೊಂದೇ ಒಳ್ಳೆ ಗೂಡಿನ ರಾಶಿ ಬೇರೆಯವರ ಪಾಲಾಯಿತು. ಪರಿಚಯದ ರೀಲರೊಬ್ಬರು ಬಂದು ಟವೆಲ್ಲು ಮುಟ್ಟಿ ನೋಡಿ, ಇಷ್ಟು ದಪ್ಪ ಪ್ಲಾಸ್ಟರ್ ಹಾಕಿದ್ದಾರೆಂದರೆ ಮೂಳೆ ಪುಡಿಯಾಗಿರಬೇಕು ಎಂದು ಮರುಕಪಟ್ಟರು. ನಾನು ಹೌದೆಂದೆ. ಸಂಜೆಯ ಹೊತ್ತಿಗೆ ನಾನು ಯಂತ್ರಕ್ಕೆ ಕೈ ಕೊಟ್ಟುಕೊಂಡೆ ಎಂಬ ಸುದ್ದಿ ಊರೆಲ್ಲ ಹಬ್ಬಿ, ಇಬ್ಬರು ಮೂಸಂಬಿ ಹಿಡಿದುಕೊಂಡು ನೋಡಲು ಬಂದರು.

ಗೂಡಿಲ್ಲದೆ ಮರುದಿನ ಯಂತ್ರ ನಿಂತಿತು. ಕೆಲಸಕ್ಕೆ ಬಂದವರನ್ನೆಲ್ಲ ಕೂರಿಸಿಕೊಂಡು ನಾಗವೇಣಿ ಅವರೆಕಾಯಿ ಬಿಡಿಸಿದಳು. ನನ್ನ ಹೆಬ್ಬೆರಳನ್ನು ಬಿಡಿಸಲು ಬಿಸಿನೀರು, ಕೊಬ್ಬರಿ ಎಣ್ಣೆ, ಸೀಗೆಪುಡಿ ಎಲ್ಲ ಆಯಿತು. ಕೊನೆಗೆ ಅವಳು ಪಕ್ಕದ ಮನೆಯಿಂದ ಉಗುರಿನ ಬಣ್ಣ ಅಳಿಸುವ ದ್ರಾವಣ ತಂದು ಸುರಿದಳು. ಬೆರಳು ಬಿಟ್ಟುಕೊಂಡಿತು, ಚರ್ಮದ ಒಂದು ಪದರ ಹೋಯಿತು. ಆ ದ್ರಾವಣಕ್ಕೆ ಪ್ಲಾಸ್ಟಿಕ್ಕೂ ಕರಗುತ್ತದೆ ಎಂದು ನಮಗೆ ಗೊತ್ತಾದದ್ದು ಟ್ಯಾಂಕಿನ ತಲೆ ಹಳೇ ಮೇಣದಬತ್ತಿಯ ಹಾಗೆ ಕುಸಿದು ಕೂತಾಗ. ಆರಲೆಂದು ಅದನ್ನು ಕೆಳಗಿನ ಮೈಯ ತುಂಡಿನ ಮೇಲಿಟ್ಟರೆ, ಹಿಂದಕ್ಕೆ ತಿರುಗಿಕೊಂಡು ಅಲ್ಲೇ ಅಂಟಿಕೊಂಡುಬಿಟ್ಟಿತು. ಹೀಗಾಗಿ ನಮ್ಮ ಟ್ಯಾಂಕು ಮುಂದಕ್ಕೆ ನುಗ್ಗಿದರೆ ಗುಂಡು ಹಾರುವುದು ತನ್ನವರ ಮೇಲೆಯೇ.

ಚಕ್ರ ಜೋಡಿಸಲು ಕೂತೆ. ಹನ್ನೆರಡು ಬೇಕು, ಹನ್ನೊಂದಿದ್ದವು. ಮಂಚದ ಕೆಳಗೆ, ಅಕ್ಕಿ ಡಬ್ಬದಲ್ಲಿ, ನನ್ನ ಅಂಗಿಯ ಜೇಬಿನಲ್ಲಿ, ಎಲ್ಲೂ ಇಲ್ಲ. ಎರಡು ದಿನ ಕಳೆದು ಶೆಡ್ಡಿನಲ್ಲಿ ಮುನಿಯಮ್ಮ ನನ್ನನ್ನು ಕರೆದಳು. ಅವಳ ಮುಖ ಸಣ್ಣಗಾಗಿತ್ತು.

"ಅಣ್ಣಾ, ಎಂಥಾ ಗೂಡು ತಂದಿದೀರೋ ಏಮೋ. ನಾನೂ ಎರಡ್ ದಿನದಿಂದ ಬೇಯಿಸ್ತಾನೇ ಇದೀನಿ, ಬ್ರಷ್ಷೂ ಹಾಕ್ದೆ. ಒಂದ್ ಎಳೆ ಬಿಡಲ್ಲ ಅಂತದೆ."

ಅವಳ ಅಂಗೈಯಲ್ಲಿ ನನ್ನ ಹನ್ನೆರಡನೇ ಚಕ್ರವಿತ್ತು. ಗುಂಡಗಿದ್ದದ್ದು ಎರಡು ದಿನ ಬೆಂದು ಉದ್ದುದ್ದ ಆಗಿ, ಪಾಪ, ಗೂಡಿನ ಆಕಾರಕ್ಕೇ ಬಂದಿತ್ತು. ಇಷ್ಟು ವರ್ಷದ ಅನುಭವದಲ್ಲಿ ಒಂದು ಗೂಡಿನ ಎದುರು ಸೋತೆನಲ್ಲ ಎಂದು ಅವಳಿಗೆ ದುಃಖ. ನಿಜ ಹೇಳಿ ಸಮಾಧಾನ ಮಾಡಿದೆ. ಆಮೇಲೆ ಅವಳು ನನ್ನನ್ನು ನೋಡಿದ ರೀತಿಯೇ ಬದಲಾಯಿತು.

ಬಣ್ಣ ಬಳಿಯುವ ಕೆಲಸ ಉಳಿದಿತ್ತು. ಶೆಡ್ಡಿನಲ್ಲಿ ಬಣ್ಣದ ಡಬ್ಬ ತೆರೆದರೆ ನೂಲು ಹಾಳಾಗುತ್ತದೆ, ಜೊತೆಗೆ ನಾನೂ ಹಾಳಾಗುತ್ತೇನೆ ಎಂದು ನಾಗವೇಣಿ ಮೊದಲೇ ಎಚ್ಚರಿಸಿದ್ದಳು. ಆದ್ದರಿಂದ ಮಹಡಿಯ ಮೇಲೆ ಹೋಗಿ ಹಸಿರು ಸ್ಪ್ರೇ ಹೊಡೆದೆ. ಗಾಳಿಯನ್ನು ನಾನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಟ್ಯಾಂಕಿಗೆ ಬಿದ್ದ ಬಣ್ಣ ಅರ್ಧ, ಉಳಿದರ್ಧ ಹಗ್ಗದ ಮೇಲೆ ಒಣಗುತ್ತಿದ್ದ ಮಾವನ ಬಿಳಿ ಪಂಚೆಗೆ. ಸಂಜೆ ಅವರು ಅದನ್ನೇ ಉಟ್ಟುಕೊಂಡು ಜಗಲಿಗೆ ಬಂದರು. ಪಂಚೆಯ ಹಸಿರು ಚುಕ್ಕೆಗಳನ್ನು ನೋಡಿದರು, ನನ್ನ ಉಗುರು ನೋಡಿದರು, ಮಹಡಿಯ ಕಡೆ ಒಮ್ಮೆ ಕತ್ತೆತ್ತಿದರು.

"ಗಾಳಿ ಯಾವ್ ಕಡೆಯಿಂದ ಬೀಸ್ತಿತ್ತಪ್ಪಾ?" ಎಂದು ಮಾತ್ರ ಕೇಳಿದರು.

ಗೊತ್ತಿಲ್ಲ ಮಾವಾ ಎಂದೆ. ಅವರು ತುಟಿ ಏನೋ ಅಲ್ಲಾಡಿಸಿದರು, ಮತ್ತೆ ರಸ್ತೆ ನೋಡತೊಡಗಿದರು.

ಹುಟ್ಟುಹಬ್ಬದ ದಿನ ಬಂತು. ನಾಗವೇಣಿ ಹೆಸರುಬೇಳೆ ಪಾಯಸ ಮಾಡಿದ್ದಳು. ನಾನು ಟ್ಯಾಂಕನ್ನು ಟವೆಲ್ಲಿನಲ್ಲಿ ಮುಚ್ಚಿ ಮಾವನ ಎದುರಿನ ಸ್ಟೂಲಿನ ಮೇಲಿಟ್ಟೆ. ಒಳಗೆ ಅದರ ಸ್ಥಿತಿ ಹೀಗಿತ್ತು: ನಳಿಕೆ ನೆಲ ನೋಡುತ್ತಿತ್ತು, ತಲೆ ಹಿಂದಕ್ಕೆ ತಿರುಗಿತ್ತು, ಗೂಡಿನಾಕಾರದ ಚಕ್ರದಿಂದಾಗಿ ಮೈಯೆಲ್ಲ ಎಡಕ್ಕೆ ವಾಲಿತ್ತು. ಚಕ್ರಗಳ ಮೇಲೆ ಹಾಯಬೇಕಾದ ಪಟ್ಟಿ ಒಂದು ಬದಿಗೆ ಗಿಡ್ಡವಾಗಿ ಅದನ್ನು ಹಸಿರು ನೂಲಿನಿಂದ ಗಂಟು ಹಾಕಿದ್ದೆ. ಮೇಲಾಗಿ ತೊಂಬತ್ತು ತುಂಡುಗಳು ಉಳಿದುಹೋಗಿದ್ದವು. ಅವು ಕಂಪನಿಯವರು ಪ್ರೀತಿಯಿಂದ ಹೆಚ್ಚಿಗೆ ಹಾಕಿದವು ಎಂದು ನಾಗವೇಣಿಗೆ ಹೇಳಿದ್ದೆ. ಅವಳು ನಂಬಿರಲಿಲ್ಲ.

ಎರಡು ದಿನದಿಂದ ಕಂಠಪಾಠ ಮಾಡಿದ್ದ ಮಾತನ್ನು ಗಂಟಲು ಸರಿಮಾಡಿಕೊಂಡು ಹೇಳಿದೆ. "ಮಾವಾ, ನೀವು ಮರಳುಗಾಡಿನಲ್ಲಿ ಓಡಿಸಿದ ಟ್ಯಾಂಕು. ನನ್ನ ಕೈಯಾರೆ ಮಾಡಿದ್ದು." ಹೀಗೆಂದು ಟವೆಲ್ಲು ಎತ್ತಿದೆ.

ಮಾವ ನೋಡಿದರು. ನೋಡಿಯೇ ನೋಡಿದರು. ಪಾಯಸದ ಲೋಟ ಹಿಡಿದು ಬಂದ ನಾಗವೇಣಿ ಬಾಗಿಲಲ್ಲೇ ನಿಂತಳು.

"ಅಪ್ಪ ಯಾವಾಗ್ ರೀ ಟ್ಯಾಂಕ್ ಓಡ್ಸಿದ್ದು? ವರ್ಕ್‌ಶಾಪಲ್ಲಿ ಟ್ಯಾಂಕ್ ರಿಪೇರಿ ಮಾಡ್ತಿದ್ರು. ಮದುವೆ ಆದಾಗಿಂದ ನಿಮಗೆ ಅದನ್ನೇ ಹೇಳ್ತಾ ಬಂದಿದಾರಲ್ಲ?"

ನನ್ನ ಕೈಯಲ್ಲಿ ಟವೆಲ್ಲು ಹಾಗೇ ಉಳಿಯಿತು. ಇಪ್ಪತ್ತೆರಡು ವರ್ಷದ "ಹೌದಾ ಮಾವಾ"ಗಳೆಲ್ಲ ಒಟ್ಟಿಗೆ ಬಂದು ನನ್ನ ಎದುರು ನಿಂತವು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟು ಹೊತ್ತಿಗೆ ಮಾವ ಕನ್ನಡಕ ಏರಿಸಿಕೊಂಡು, ಟ್ಯಾಂಕನ್ನು ಎತ್ತಿ ಅಂಗಾತ ಮಲಗಿಸಿದ್ದರು. ಅಡಿಭಾಗವನ್ನು ಬೆರಳಿನಿಂದ ತಟ್ಟಿದರು. ಗೂಡಿನ ಚಕ್ರವನ್ನು ತಿರುಗಿಸಿದರು. ಹಸಿರು ಗಂಟನ್ನು ಹತ್ತಿರ ಹಿಡಿದು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ನನ್ ಸರ್ವೀಸಲ್ಲಿ ನೆಟ್ಟಗಿರೋ ಟ್ಯಾಂಕು ನನ್ ಹತ್ರ ಬಂದಿದ್ದೇ ಇಲ್ಲ ಕಣಪ್ಪಾ. ನೆಟ್ಟಗಿದ್ರೆ ನಮ್ ಹತ್ರ ಯಾಕ್ ತರ್ತಾರೆ? ಕೆಟ್ಟಿದ್ದು, ಸುಟ್ಟಿದ್ದು, ಹಳ್ಳಕ್ಕೆ ಬಿದ್ದಿದ್ದು, ಎಲ್ಲಾ ನೋಡಿದೀನಿ." ಟ್ಯಾಂಕನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. "ಶತ್ರುಗಳೂ ಇಷ್ಟ್ ಕೆಡಿಸಿರ್ಲಿಲ್ಲ ಬಿಡು."

ಅಲ್ಲಿಂದ ಶುರುವಾಯಿತು ನೋಡಿ! ಇದನ್ನು ಬೇಯಿಸಿದ್ದು ಯಾರು, ನಿನಗೆ ಕಣ್ಣಿದೆಯೋ ಇಲ್ಲವೋ, ಪಟ್ಟಿಗೆ ಗಂಟು ಹಾಕಲು ಇದೇನು ನಿನ್ನ ಲಾಡಿಯೋ, ಉಳಿದ ತುಂಡುಗಳನ್ನು ಎಲ್ಲಿ ಬಚ್ಚಿಟ್ಟಿದ್ದೀಯ, ಆ ಮೋಟಾರು ಒಂದು ತಿಂಗಳಿಂದ ಅಳುತ್ತಿದೆ, ಅದಕ್ಕಾದರೂ ಎಣ್ಣೆ ಬಿಟ್ಟೆಯಾ. ನಾಲ್ಕು ತಿಂಗಳ ಬಾಕಿಯನ್ನೆಲ್ಲ ಮಾವ ಒಂದೇ ಉಸಿರಿನಲ್ಲಿ ತೀರಿಸಿದರು. ನಾನು ತಲೆ ತಗ್ಗಿಸಿ ನಿಂತೆ. ನಾಗವೇಣಿ ಬಾಗಿಲಿಗೆ ಒರಗಿಕೊಂಡು, ಪಾಯಸದ ಲೋಟ ಹಿಡಿದುಕೊಂಡೇ, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದಳು. ನನಗೂ ಎಷ್ಟು ಸಂತೋಷವಾಯಿತೆಂದರೆ, ಪಾಯಸ ಕುಡಿಯುವ ಮೊದಲೇ ಮೇಲೂರಿಗೆ ಹೋಗಿ ಅವರ ಹತಾರದ ಪೆಟ್ಟಿಗೆ ತಾ ಎಂದು ಅಟ್ಟಿದಾಗಲೂ ಬೇಸರವಾಗಲಿಲ್ಲ. ಬಸ್ಸು ಹತ್ತಿದ ಮೇಲೆ ಸ್ವಲ್ಪ ಬೇಸರವಾಯಿತು, ಹಸಿವಿಗೆ.

ಆ ದಿನದಿಂದ ಜಗಲಿ ವರ್ಕ್‌ಶಾಪಾಗಿದೆ. ಮಾವ ಬೆಳಿಗ್ಗೆ ಸ್ನಾನ ಮಾಡಿ, ಹಸಿರು ಚುಕ್ಕೆಯ ಪಂಚೆಯನ್ನೇ ಯೂನಿಫಾರ್ಮಿನ ಹಾಗೆ ಉಟ್ಟು ಕೂರುತ್ತಾರೆ. ಕೋಲೂರಿಕೊಂಡು ಶೆಡ್ಡಿಗೂ ಹೋಗಿ ಬರುತ್ತಾರೆ. ಆ ಪುಸ್ತಕವನ್ನು ಭೂತಗನ್ನಡಿ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ್ದಾರೆ. ಟ್ಯಾಂಕನ್ನು ಮುಟ್ಟುವ ಅಧಿಕಾರ ನನಗಿಲ್ಲ, ಕೇಳಿದ್ದನ್ನು ಎತ್ತಿಕೊಡುವುದಷ್ಟೇ ನನ್ನ ಕೆಲಸ.

ಮೊನ್ನೆ ಅವರು ಒಂದು ಹಾಳೆ ತಂದು ನನ್ನ ಮುಂದಿಟ್ಟರು. ಸೈನ್ಯದ ವರ್ಕ್‌ಶಾಪಿನಲ್ಲಿ ಕೆಟ್ಟ ಗಾಡಿ ಬಂದರೆ ಮೊದಲು ಪಟ್ಟಿ ಬರೆಯಬೇಕಂತೆ. ಸ್ಕೇಲು ಹಿಡಿದು ಮೂರು ಕಾಲಂ ಎಳೆದಿದ್ದರು: ಭಾಗ, ದೋಷ, ಕಾರಣ. ಒಟ್ಟು ಇಪ್ಪತ್ತೇಳು ದೋಷ. ನಳಿಕೆ, ಬಾಗಿದೆ, ಕಾರಣ: ಅಳಿಯ. ಅದರ ಕೆಳಗಿನ ಸಾಲುಗಳಿಗೆಲ್ಲ ಮತ್ತೆ ಮತ್ತೆ ಬರೆಯುವ ತೊಂದರೆ ತೆಗೆದುಕೊಳ್ಳದೆ, ಹಾಳೆಯ ಕೊನೆಯವರೆಗೂ 'ಮೇಲಿನಂತೆ' ಗುರುತು ಹಾಕಿದ್ದರು. ಗೂಡಿನ ಚಕ್ರದ ಎದುರು ಮಾತ್ರ 'ಮುನಿಯಮ್ಮ' ಎಂದಿತ್ತು. ನನಗೆ ಜೀವ ಬಂದ ಹಾಗಾಯಿತು. ಮುಂದೆ ಓದಿದೆ. 'ಅಳಿಯನ ಮಾತು ಕೇಳಿದ್ದಕ್ಕೆ' ಎಂದಿತ್ತು.

ಒಪ್ಪಿದ್ದೇನೆಂದು ಕೆಳಗೆ ಗುರುತು ಹಾಕಬೇಕಂತೆ. ಸಹಿ ಮಾಡಲು ಜೇಬಿನಿಂದ ಪೆನ್ನು ತೆಗೆದೆ. ಮಾವ ಪೆನ್ನನ್ನು ಕಸಿದುಕೊಂಡರು.

"ಕೈಗೆ ಕೊಟ್ಟ ಪುಸ್ತಕ ಓದದೋನಿಗೆ ಸಹಿ ಯಾಕಪ್ಪಾ? ಹೆಬ್ಬೆಟ್ಟು ಒತ್ತು."

ಬಿ.ಕಾಂ. ಮಾಡಿದ ನಾನು ಇಂಕ್ ಪ್ಯಾಡಿಗೆ ಬೆರಳು ಅದ್ದಿ ಒತ್ತಿದೆ. ಅಂಟಿನ ಜೊತೆ ಚರ್ಮ ಹೋಗಿತ್ತಲ್ಲ, ಒಂದು ಗೆರೆಯೂ ಮೂಡಲಿಲ್ಲ. ನೀಲಿ ಮುದ್ದೆಯೊಂದು ಬಿತ್ತು ಅಷ್ಟೇ. ಮಾವ ಅದನ್ನು ಭೂತಗನ್ನಡಿಯಲ್ಲಿ ನೋಡಿ, ಪೆನ್ನು ತೆರೆದು ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದರು. ಇಪ್ಪತ್ತೆಂಟು: ಹೆಬ್ಬೆರಳು, ಸವೆದಿದೆ, ಕಾರಣ ಮೇಲಿನಂತೆ.